ರಕ್ತದ ವರದಿಯೊಂದೇ ಸಾಲದು

ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗಗಳ ಮೇಲೇ ತಿರುಗಿಬೀಳುವ ಲೂಪಸ್ ರೋಗ ಇರುವವರ ರಕ್ತದಲ್ಲಿ ಡಿಎಸ್‌ಡಿಎನ್‌ಎ (ಎರಡೆಳೆಯ ಡಿಎನ್‌ಎ) ವಿರೋಧಿ ಪ್ರತಿಕಾಯ ಕಡಿಮೆಯಿದ್ದರೆ ಕಿಡ್ನಿ ಕ್ಷೇಮ, ಹೆಚ್ಚಿದ್ದರೆ ಅಪಾಯ; ಹಾಗಾಗಿ ಪದೇ ಪದೇ ಮೂತ್ರ ಪರೀಕ್ಷೆ, ಬಯಾಪ್ಸಿ ಬೇಕಿಲ್ಲ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಇದು ಅರ್ಧಸತ್ಯ. ನಂಬಿ ಕೂತವರು ಕಿಡ್ನಿಯನ್ನೇ ಕಳೆದುಕೊಳ್ಳಬಹುದು.

ಈ ಪ್ರತಿಕಾಯಕ್ಕೂ ಕಿಡ್ನಿಯ ಉರಿಯೂತಕ್ಕೂ ನಂಟಿರುವುದು ನಿಜ. ಅದು ಏರಿ, ರಕ್ತದ ಸಿ3, ಸಿ4 ಎಂಬ ಪೂರಕ ಪ್ರೋಟೀನ್‌ಗಳು ಇಳಿದರೆ ವೈದ್ಯರು ಎಚ್ಚರಗೊಳ್ಳಲೇಬೇಕು. ಆದರೆ ವರ್ಷಗಟ್ಟಲೆ ಮಟ್ಟ ಹೆಚ್ಚಿದ್ದೂ ರೋಗಲಕ್ಷಣವಿಲ್ಲದೆ ಇರುವವರಿದ್ದಾರೆ. ಅಂಥವರಿಗೆ ವರದಿಯ ಅಂಕಿಯನ್ನಷ್ಟೇ ನೋಡಿ ಸ್ಟೀರಾಯ್ಡ್ ಏರಿಸುವುದು ಅನ್ಯಾಯ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಲೂಪಸ್ ಕಿಡ್ನಿ ಉರಿಯೂತದ ಐದನೇ ವರ್ಗದಲ್ಲಿ, ಅಂದರೆ ಮೆಂಬ್ರೇನಸ್ ನೆಫ್ರೈಟಿಸ್‌ನಲ್ಲಿ ಈ ಪರೀಕ್ಷೆ ನೆಗೆಟಿವ್ ಬರಬಹುದು. ಪ್ರೋಟೀನ್ ಮಾತ್ರ ಮೂತ್ರದಲ್ಲಿ ಸೋರುತ್ತಲೇ ಇರುತ್ತದೆ. ನೋವೂ ಇರುವುದಿಲ್ಲ.

ಎಎನ್‌ಎ (ಜೀವಕೋಶದ ನ್ಯೂಕ್ಲಿಯಸ್ ವಿರೋಧಿ ಪ್ರತಿಕಾಯ) ಪ್ರಮಾಣವೂ ರೋಗದ ಏರಿಳಿತ ತೋರಿಸುತ್ತದೆ ಎಂದು ಆ ಲೇಖನ ಹೇಳಿರುವುದು ಪೂರಾ ತಪ್ಪು. ಅದರ ಕೆಲಸ ರೋಗಪತ್ತೆಗೆ ನೆರವಾಗುವುದು, ಅಷ್ಟೇ. ಸಿ1ಕ್ಯೂ ಎಂಬ ಪೂರಕ ಪ್ರೋಟೀನಿನ ವಿರೋಧಿ ಪ್ರತಿಕಾಯ ಕಿಡ್ನಿ ಉರಿಯೂತದ ಇನ್ನೊಂದು ಒಳ್ಳೆಯ ಸುಳಿವು. ಆದರೂ ಯಾವ ವರ್ಗ, ಎಷ್ಟು ಉರಿಯೂತ, ಎಷ್ಟು ಭಾಗ ಮರಳಿ ಬಾರದಂತೆ ಗಟ್ಟಿಯಾಗಿದೆ ಎಂದು ಹೇಳುವುದು ಬಯಾಪ್ಸಿ ಮಾತ್ರ.

ದಿನಕ್ಕೆ 0.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಹೋಗುತ್ತಿದ್ದರೆ ಬಯಾಪ್ಸಿಯ ಬಗ್ಗೆ ವೈದ್ಯರೊಡನೆ ಮಾತಾಡಿ. ರಕ್ತದ ವರದಿ ಎಷ್ಟೇ ಚೆನ್ನಾಗಿದ್ದರೂ ಮೂತ್ರ ಪರೀಕ್ಷೆ ತಪ್ಪಿಸಬೇಡಿ.