ಹಗಲು ಕೆರೆ, ರಾತ್ರಿ ಹೊಲ

ಚಳಿ ಬಿದ್ದರೆ ಸಾಕು, ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ ಕ್ಯಾಮೆರಾ ಹಿಡಿದವರು ಕಾಣತೊಡಗುತ್ತಾರೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರ್ ಸುಮಾರಿಗೆ ಇಲ್ಲಿ ಬೀಡುಬಿಡುತ್ತವೆ. ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಬೂದು ಮೈ, ಕಿತ್ತಳೆ ಕಾಲು. ಬಂದವರು ನಾಲ್ಕು ಫೋಟೊ ತೆಗೆದು, ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಗಿರಮಿಟ್ ತಿಂದು ಊರಿಗೆ ಮರಳುತ್ತಾರೆ. ಹಕ್ಕಿ ಎಲ್ಲಿ ಊಟ ಮಾಡುತ್ತದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ.

ಹೆಬ್ಬಾತಿಗೆ ಕೆರೆ ಎಂದರೆ ಮುಖ್ಯವಾಗಿ ಮಲಗುವ ಮನೆ. ನಾಯಿ, ನರಿ ಸುಲಭವಾಗಿ ಬರಲಾರದ ತೆರೆದ ನೀರಿನಲ್ಲಿ ಅದು ಹಗಲು ಕಳೆಯುತ್ತದೆ. ಹೊತ್ತು ಮುಳುಗಿದ ಮೇಲೆ ಹಿಂಡು ಹಿಂಡಾಗಿ ಎದ್ದು ಸುತ್ತಲಿನ ಹೊಲಗಳಿಗೆ ಇಳಿಯುತ್ತದೆ. ಹುಲ್ಲು, ಉದುರಿದ ಕಾಳು, ಹಿಂಗಾರಿ ಬೆಳೆಯ ಎಳೆ ಕುಡಿ ಅದರ ಆಹಾರ. ನಾವು ಹಗಲು ಕಂಡು ಖುಷಿಪಡುವ ಹಕ್ಕಿಗೆ ರಾತ್ರಿ ಬಡಿಸುವವನು ರೈತ. ಅವನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ.

ಕರಾವಳಿಯಲ್ಲೂ ಇದೇ ಕತೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಪ್ಲೋವರ್ ಹಕ್ಕಿಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕೆಸರಿನ ಮೇಲ್ಮೈಯಿಂದ ಹುಳ ಹೆಕ್ಕುತ್ತವೆ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಆಳದ ಬಿಲಕ್ಕೇ ಕೊಕ್ಕು ಇಳಿಸುತ್ತದೆ. ಅದೇ ಕೆಸರಿನಲ್ಲಿ, ಅದೇ ಇಳಿತದಲ್ಲಿ, ಊರಿನವರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಭರತ ಬಂದರೆ ಇಬ್ಬರ ಕೆಲಸವೂ ನಿಲ್ಲುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಗಡಿಯಾರ ನೋಡಿ ಹೋದವರಿಗೆ ಬರೀ ನೀರು ಕಂಡೀತು. ಯಾವ ದಿನ ಎಷ್ಟು ಹೊತ್ತಿಗೆ ಬಯಲು ತೆರೆಯುತ್ತದೆ ಎಂಬುದನ್ನು ಬಳಚು ಆರಿಸುವವರನ್ನೇ ಕೇಳಬೇಕು.

ಮಾಗಡಿ ಕೆರೆ, ಅಘನಾಶಿನಿ ಎರಡಕ್ಕೂ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್ಸರ್ ಮಾನ್ಯತೆ ಸಿಕ್ಕಿತು. ಹೆಮ್ಮೆಯ ವಿಷಯವೇ. ಆದರೆ ಇವೆರಡೂ ಮನುಷ್ಯರಿಲ್ಲದ ಕಾಡಲ್ಲ. ಒಂದು ಊರಿನ ಕೆರೆ, ಇನ್ನೊಂದು ಊರಿನವರ ದುಡಿಮೆಯ ಜಾಗ. ಹೊಲದ ಬೆಳೆ ಬದಲಾದರೆ, ಕೆರೆಯ ಹೂಳು ಹೆಚ್ಚಿದರೆ, ಅಳಿವೆಯ ಮರಳನ್ನು ಮಿತಿಮೀರಿ ಎತ್ತಿದರೆ ನಾಮಫಲಕ ಹಕ್ಕಿಯ ಹೊಟ್ಟೆ ತುಂಬಿಸದು. ರಕ್ಷಣೆಯ ಮಾತಾಡುವಾಗ ಬೆಳೆ ಕಳೆದುಕೊಂಡವನ ಲೆಕ್ಕವನ್ನೂ ಬಳಚಿನಿಂದ ಬದುಕುವವರ ಲೆಕ್ಕವನ್ನೂ ಬಿಟ್ಟರೆ ಅದು ಅರ್ಧ ರಕ್ಷಣೆ.

ನೋಡಲು ಹೋಗುವವರ ಪಾಲಿನ ಹೊಣೆಯೂ ಇದೆ. ಹಿಂಡಿನಲ್ಲಿ ಕೆಲವು ಹೆಬ್ಬಾತು ಸದಾ ಎಚ್ಚರವಾಗಿರುತ್ತವೆ. ಒಂದೊಂದಾಗಿ ಕತ್ತುಗಳು ಮೇಲೆದ್ದು ನಿಮ್ಮತ್ತ ತಿರುಗಿದವೋ, ಅದು ಇನ್ನು ಮುಂದೆ ಬರಬೇಡಿ ಎಂಬ ಸೂಚನೆ. ಅಲ್ಲಿಗೇ ನಿಲ್ಲಿ, ಇಲ್ಲವೇ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಾರುವ ಚಿತ್ರ ಬೇಕೆಂದು ಕಲ್ಲೆಸೆದು, ಚಪ್ಪಾಳೆ ತಟ್ಟಿ ಎಬ್ಬಿಸಿದರೆ ಮರುಪಯಣಕ್ಕೆಂದು ಅದು ಕೂಡಿಟ್ಟ ಕೊಬ್ಬು ಅಷ್ಟಷ್ಟೇ ಕರಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಅದು ಮತ್ತೆ ಹಿಮಾಲಯ ದಾಟಬೇಕು.

ಈ ಸಲ ಹಕ್ಕಿ ನೋಡಲು ಹೊರಟರೆ ದುರ್ಬೀನಿನ ಜತೆ ಸ್ವಲ್ಪ ಪುರುಸೊತ್ತೂ ಇರಲಿ. ಹೊಲದ ಬದುವಿನಲ್ಲಿ ನಿಂತ ರೈತನನ್ನೋ ಬುಟ್ಟಿ ಹೊತ್ತ ಅಕ್ಕನನ್ನೋ ಮಾತಾಡಿಸಿ. ಹಕ್ಕಿಯ ಬಗ್ಗೆ ಪುಸ್ತಕ ಹೇಳದ ಸಂಗತಿ ಅವರಿಗೆ ಗೊತ್ತಿರುತ್ತದೆ. ಆ ಹಕ್ಕಿ ಮುಂದಿನ ವರ್ಷವೂ ಬರಬೇಕಾದರೆ ಅವರ ಬದುಕೂ ನೆಟ್ಟಗಿರಬೇಕು.