‘ನಿಮ್ ಕೂಸು ಇನ್ನಾ ಕುಂತಿಲ್ಲೇನ್ರಿ?’

ನನ್ನ ಮಗಳಿಗೆ ಈಗ ಏಳು ತಿಂಗಳು. ಏಳು ತಿಂಗಳ ಕೂಸನ್ನು ಎತ್ತಿಕೊಂಡು ಭಾಲ್ಕಿಯ ಓಣಿಯಲ್ಲಿ ಹೊರಟರೆ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನ ಅಪ್ಪನ ಪಾಡು ನನ್ನದು. "ಇನ್ನಾ ಕುಂತಿಲ್ಲೇನ್ರಿ?" "ನಮ್ ಹುಡ್ಗ ಒಂಬತ್ತು ತಿಂಗ್ಳಿಗೇ ನಡ್ದಿದ್ದ ನೋಡ್ರಿ!" "ವಾಕರ್ ತಂದು ಕೊಡ್ರಿ, ದಡಾದಡಾ ಓಡ್ತದ..." ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಹೇಳಿಬಿಡುತ್ತೇನೆ: ಈ ಪ್ರಶ್ನೆಯೇ ತಪ್ಪು. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಕೂರುವ, ನಡೆಯುವ ಲೆಕ್ಕ ಮುಗಿಸೋಣ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 816 ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ ನಮ್ಮ ದಿಲ್ಲಿಯ ಮಕ್ಕಳೂ ಇದ್ದರು. ಆರೋಗ್ಯವಾಗಿರುವ ಕೂಸು ಆಸರೆಯಿಲ್ಲದೆ ಕೂರುವುದು 3.8 ತಿಂಗಳಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ತಾನೇ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲೇ ಇಡಲಿಲ್ಲ! ಒಂಬತ್ತಕ್ಕೆ ನಡೆದವನೂ ಹದಿನಾರಕ್ಕೆ ನಡೆದವಳೂ ಅಂಗನವಾಡಿಗೆ ಹೋಗುವ ಹೊತ್ತಿಗೆ ಒಂದೇ ಸಮ ಓಡುತ್ತಾರೆ. ಇನ್ನು ವಾಕರ್. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಉರುಳಿ ತಲೆಗೆ ಪೆಟ್ಟಾಗುವುದು ಮಾತ್ರ ಖಂಡಿತ ಇದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ನಮ್ಮ ಮನೆಗೆ ಉಡುಗೊರೆ ಬಂದದ್ದು ಡಬ್ಬಿಯೊಳಗೇ ಇದೆ, ಅಲ್ಲೇ ಇರಲಿ.

ಹಾಗಾದರೆ ಕೇಳಬೇಕಾದದ್ದು ಏನು? "ಕೂಸಿಗೆ ಕಿವಿ ಕೇಳಿಸ್ತದೇನ್ರಿ?"

ಕಾಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಕಿವುಡು ಕಾಣುವುದಿಲ್ಲ. ಕಿವುಡಾಗಿ ಹುಟ್ಟಿದ ಕೂಸೂ ಅಳುತ್ತದೆ, ಅಮ್ಮನ ಮುಖ ನೋಡಿ ನಗುತ್ತದೆ, ಮೊದಲ ತಿಂಗಳುಗಳಲ್ಲಿ ‘ಊಂ... ಆಂ...’ ಅಂತ ದನಿಯನ್ನೂ ತೆಗೆಯುತ್ತದೆ. "ತಟ್ಟಿ ಬಡದು ನೋಡೀವಿ, ಬೆಚ್ಚಿ ಬಿತ್ತು" ಅನ್ನುತ್ತಾರೆ. ಅರೆಗಿವುಡಿನ ಕೂಸೂ ದೊಡ್ಡ ಸದ್ದಿಗೆ ಬೆಚ್ಚುತ್ತದೆ ಸ್ವಾಮಿ! ‘ಬಾಬಾಬಾ, ದಾದಾದಾ’ ಬರಬೇಕಾದ ಹೊತ್ತಿಗೆ ಬರದೇ ಇದ್ದಾಗಲೇ ಸಂಶಯ ಹುಟ್ಟುವುದು. ನನ್ನ ಮಗಳು ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೂ ತಿರುಗುತ್ತಾಳೆ, ಅಜ್ಜಿಯ ಬಳೆ ಸದ್ದಿಗೆ ಕತ್ತು ಹೊರಳಿಸುತ್ತಾಳೆ. ಇದನ್ನು ಹೆಮ್ಮೆಯಿಂದ ಹೇಳಿದರೆ, "ಅದಿರ್ಲಿ, ಹಲ್ಲು ಬಂದಾವೇನ್ರಿ?"

ತಮಾಷೆ ನೋಡಿ. ನಡಿಗೆಗೆ ಒಂದು ತಿಂಗಳು ಕಾಯದ ಇದೇ ಜನ ಮಾತಿಗೆ ಮೂರು ವರ್ಷ ಕಾಯುತ್ತಾರೆ. "ಗಂಡು ಹುಡುಗ್ರು ತಡಾ ಮಾತಾಡ್ತಾವ." "ಅವರಪ್ಪಂದೂ ಹಿಂಗೇ ಇತ್ತು." ನಮ್ಮ ಗಡಿಭಾಗದ್ದೇ ಆದ ಇನ್ನೊಂದು ನೆಪವಿದೆ: "ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ಬಜಾರದಾಗ ಉರ್ದು... ಕೂಸಿನ ತಲಿ ಕೆಟ್ಟದ." ಎರಡು ಮೂರು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಕ್ಕಳಿಗೆ ಮಾತು ಬರದೇ ಹೋಗುವುದಿಲ್ಲ, ಇದು ಅಧ್ಯಯನಗಳಿಂದ ಗೊತ್ತಾದ ಸಂಗತಿ. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಊರು ನಮ್ಮದು. ಇಲ್ಲಿ ಕೂತು ಭಾಷೆಯ ಮೇಲೆ ತಪ್ಪು ಹೊರಿಸಬಾರದು.

ಕಾದಷ್ಟೂ ನಷ್ಟ. ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಸಂಶಯ ಬಂದರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಕಿವಿಯ ಯಂತ್ರವೋ ಸನ್ನೆ ಭಾಷೆಯೋ, ಏನು ಬೇಕೋ ಅದರ ಆರಂಭ. ವೈದ್ಯರು ಒಪ್ಪಿದ ಕ್ರಮ ಇದು. ಪರೀಕ್ಷೆಯೂ ಕಷ್ಟದ್ದಲ್ಲ: ಮಲಗಿರುವ ಕೂಸಿನ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಕೆಲವೇ ನಿಮಿಷ, ಸೂಜಿ ಇಲ್ಲ, ನೋವಿಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಇದು ಇನ್ನೂ ಹೆಚ್ಚು ಬೇಕು. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುಗಿವುಡಿನ ಸಾಧ್ಯತೆ ಜಾಸ್ತಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಗಿವುಡು ಇದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ, ಆದರೆ ಅದು ಇರುವುದು ಮೈಸೂರಿನಲ್ಲಿ! ಬೀದರನ್ನು ಕರ್ನಾಟಕದ ಕಿರೀಟ ಅಂತ ಭಾಷಣದಲ್ಲಿ ಹೊಗಳುತ್ತಾರಲ್ಲ, ಆ ಕಿರೀಟದಿಂದ ಮೈಸೂರಿಗೆ ಒಂದು ರಾತ್ರಿಗೂ ಮುಗಿಯದ ದಾರಿ. ದಿನಗೂಲಿಯ ತಾಯಿ ಕೂಸು ಕಟ್ಟಿಕೊಂಡು ಎಷ್ಟು ಸಲ ಹೋದಾಳು? ಹಾಗಾಗಿ ನಮ್ಮ ಒತ್ತಾಯ ಒಂದೇ ಇರಬೇಕು: ಭಾಲ್ಕಿಯಲ್ಲಾಗಲಿ ಔರಾದದಲ್ಲಾಗಲಿ, ಸರಕಾರಿ ಇರಲಿ ಖಾಸಗಿ ಇರಲಿ, ಹೆರಿಗೆಯಾದ ದವಾಖಾನೆಯಲ್ಲೇ ಪ್ರತಿ ಕೂಸಿನ ಕಿವಿ ಪರೀಕ್ಷೆ ಆಗಬೇಕು. ಅದಿಲ್ಲದೆ ಡಿಸ್ಚಾರ್ಜ್ ಆಗಬಾರದು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಅಲ್ಮಾರಿಯೊಳಗಿನ ತಾಯಿ ಕಾರ್ಡ್ ಹೊರಗೆ ತೆಗೆಯಿರಿ. ಲಸಿಕೆಯ ತಾರೀಖು ಬಿಟ್ಟು ಉಳಿದ ಪುಟಗಳನ್ನೂ ಓದಿ, ಯಾವ ವಯಸ್ಸಿಗೆ ಕೂಸು ಏನು ಮಾಡುತ್ತದೆ ಅನ್ನುವುದು ಚಿತ್ರ ಸಮೇತ ಇದೆ. ಸಂಶಯ ಬಂದರೆ ಅತ್ತೆಯ ಸಮಾಧಾನಕ್ಕೆ, ನೆರೆಯವರ ಸಮಾಧಾನಕ್ಕೆ ಕಾಯಬೇಡಿ. ಕೂಸು ನೋಡಲು ಬರುವವರಿಗೂ ಒಂದು ಮಾತು: ಕುಂತಿತೋ, ನಿಂತಿತೋ ಅಂತ ಕೇಳುವುದು ಬಿಡಿ. "ಕಿವಿ ತೋರಿಸೀರೇನ್ರಿ?" ಅಂತ ಕೇಳಿ. ಅಷ್ಟು ಸಾಕು.