ಪೆನ್‌ಡ್ರೈವ್‌ನೊಳಗಿನ ಗುಮಾಸ್ತ

"ತಾತ, ಕಾಪಿ ಆಯ್ತು!" ಎಂದು ಪೆನ್‌ಡ್ರೈವ್ ಎಳೆಯಹೊರಟಳು ಮೊಮ್ಮಗಳು. "ತಡಿಯಮ್ಮ, ಒಳಗೆ ಗುಮಾಸ್ತ ಇನ್ನೂ ಬರೀತಿದ್ದಾನೆ" ಎಂದೆ.

ಹೌದು ಮಕ್ಕಳೇ, ಆ ಗುಮಾಸ್ತನೇ ಕಂಟ್ರೋಲರ್ ಎಂಬ ಪುಟ್ಟ ಚಿಪ್. ಜಪಾನಿನ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಮೆಮೊರಿ ಅವನ ಬೀರು. ಯಾವ ಫೋಟೊ ಯಾವ ಖಾನೆಯಲ್ಲಿದೆ, ಯಾವ ಖಾನೆ ಕೆಟ್ಟಿದೆ ಎಂಬ ಲೆಕ್ಕವೆಲ್ಲ ಅವನದು. ಈ ಕೆಲಸ ಹೇಗೆ ಮಾಡಬೇಕೆಂದು ಚಿಪ್‌ಗಾಗಿಯೇ ಬರೆದಿಟ್ಟ ತಂತ್ರಾಂಶವೇ ಫರ್ಮ್‌ವೇರ್. ಕರೆಂಟ್ ಹೋದರೂ ಅದು ಅಳಿಯದು.

ಬ್ಯಾಂಕಿನಲ್ಲಿ ಕೌಂಟರ್ ಮುಚ್ಚಿದ ಮೇಲೂ ನಾವು ಲೆಡ್ಜರ್ ಬರೆಯುತ್ತಿದ್ದೆವು. ಹಾಗೆಯೇ ಪರದೆಯ ಮೇಲೆ ಕಾಪಿ ಮುಗಿದಂತೆ ಕಂಡರೂ ಒಳಗೆ ಬರವಣಿಗೆ ಬಾಕಿ ಇರಬಹುದು. ಆಗ ಎಳೆದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಫೋಟೊ ಒಳಗಿದ್ದರೂ ಸಿಗದಂತಾಗಬಹುದು. 'ಇಜೆಕ್ಟ್' ಒತ್ತಿ, ಒಪ್ಪಿಗೆ ಬಂದ ಮೇಲೆಯೇ ತೆಗೆಯಿರಿ. ಅಜ್ಜಿಯ ಫೋಟೊದಂಥವಕ್ಕೆ ಇನ್ನೊಂದು ಪ್ರತಿ ಬೇರೆಡೆ ಇರಲಿ.